ಕೊಳಗದ ಅಳತೆ ಮತ್ತು ರಾಜ್ಯಶಾಸ್ತ್ರದ ವಿದ್ಯಾರ್ಥಿ

ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರವನ್ನು ಅಭ್ಯಸಿಸುವ ವಿದ್ಯಾರ್ಥಿಗೆ ಪ್ಲೇಟೋವಿನಿಂದ ಮಾರ್ಕ್ಸ್‌ವರೆಗಿನ ಚಿಂತನೆಯೂ ಸಂವಿಧಾನದ ವಿಧಿಗಳೂ ಪಠ್ಯವಾಗಿ ದೊರೆಯುತ್ತವೆ. ಇವು ಅಗತ್ಯವೇ. ಆದರೆ ಅಧಿಕಾರವು ನಿತ್ಯಜೀವನದ ಯಾವ ವಸ್ತುವಿನಲ್ಲಿ ಅಡಗಿ ಕುಳಿತಿದೆ ಎಂಬುದನ್ನು ಗುರುತಿಸುವ ದೃಷ್ಟಿ ದಕ್ಕದಿದ್ದರೆ ಆ ಓದು ಪರೀಕ್ಷೆಯೊಂದಿಗೆ ಮುಗಿಯುತ್ತದೆ. 1987ರಲ್ಲಿ ಸ್ಥಾಪಿತವಾಗಿ ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ ನೆಲೆಗೊಂಡಿರುವ ಕುವೆಂಪು ವಿಶ್ವವಿದ್ಯಾಲಯದ ಸುತ್ತಲಿನ ನೆಲವೇ ಇದಕ್ಕೆ ಉತ್ತಮ ಆಕರ.

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ನಡೆದ ಸತ್ಯಾಗ್ರಹವನ್ನು ಗಮನಿಸಬಹುದು. ಗೇಣಿ ಭತ್ತವನ್ನು ಅಳೆದುಕೊಳ್ಳುವ ಕೊಳಗವು ರೂಢಿಯ ಅಳತೆಗಿಂತ ದೊಡ್ಡದೆಂಬುದು ಗೇಣಿದಾರರ ಮುಖ್ಯ ಆಕ್ಷೇಪಗಳಲ್ಲೊಂದು. ಅವರಲ್ಲಿ ಹೆಚ್ಚಿನವರು ದೀವರು. ಎಚ್. ಗಣಪತಿಯಪ್ಪನವರು ಅವರನ್ನು ಸಂಘಟಿಸಿದರು, ಸಮಾಜವಾದಿಗಳು ಬೆಂಬಲಿಸಿದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. 1952ರಲ್ಲಿ ಶಾಂತವೇರಿ ಗೋಪಾಲಗೌಡರು ವಿಧಾನಸಭೆಗೆ ಆಯ್ಕೆಯಾದರು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯು ಉಳುವವನನ್ನೇ ಒಡೆಯನನ್ನಾಗಿಸುವ ದಾರಿ ತೆರೆಯಿತು. ರಾಶಿ ಅಳೆಯುವಾಗ ಮೊದಲ ಅಳತೆಯನ್ನು 'ಒಂದು' ಎನ್ನದೆ 'ಲಾಭ' ಎನ್ನುವ ರೂಢಿ ನಮ್ಮ ಕಣಗಳಲ್ಲಿದೆ. ಜಾನಪದ ವಿದ್ವಾಂಸರು ಇದನ್ನು ಶುಭನುಡಿಯೆಂದು ದಾಖಲಿಸಿ ಮುಂದೆ ಸಾಗುವುದೇ ಹೆಚ್ಚು. ಅದು ಯಾರ ಲಾಭವೆಂದು ಕೇಳಬೇಕಾದವನು ರಾಜ್ಯಶಾಸ್ತ್ರದ ವಿದ್ಯಾರ್ಥಿ. ಹಾಗೆಯೇ ಆ ಪ್ರಶ್ನೆ ಕೊಳಗದಿಂದ ಸಂಘಕ್ಕೆ, ಸಂಘದಿಂದ ಶಾಸನಸಭೆಗೆ ಸಾಗಲು ಎರಡು ದಶಕಗಳಿಗೂ ಮಿಕ್ಕಿ ಹಿಡಿದದ್ದೇಕೆ ಎಂಬುದನ್ನೂ ಅವನು ಶೋಧಿಸಬೇಕು.

ಕಾಗದನಗರದ ಪ್ರಶ್ನೆ ಇನ್ನೂ ಜಟಿಲ. 1936ರಲ್ಲಿ ಆರಂಭವಾದ ಮೈಸೂರು ಕಾಗದ ಕಾರ್ಖಾನೆ 1977ರಲ್ಲಿ ಸರ್ಕಾರಿ ಕಂಪನಿಯಾಯಿತು. ಇಲ್ಲಿ ಸರ್ಕಾರವೇ ಒಡೆಯ, ಸರ್ಕಾರವೇ ಕಾನೂನುಕರ್ತ. ಕಾರ್ಮಿಕನಾದರೋ ಅದೇ ಸರ್ಕಾರವನ್ನು ಆರಿಸುವ ಮತದಾರ. 2015ರಲ್ಲಿ ಉತ್ಪಾದನೆ ನಿಂತಿತು. ವಸತಿಗೃಹಗಳ ಬೀದಿಗಳಿಗೆ ಇದು ಜೀವನೋಪಾಯದ ನಷ್ಟ. ಆದರೆ ಕಾರ್ಖಾನೆಗಾಗಿ ನೆಡುತೋಪು ಬೆಳೆದ ಮಲೆನಾಡಿನ ಊರುಗಳಲ್ಲಿ 'ನಮ್ಮೂರಿಗೆ ಅಕೇಶಿಯಾ ಬೇಡ' ಎಂಬ ಹೋರಾಟ ರೂಪುಗೊಂಡಿತು. ಎರಡೂ ಕಡೆಯವರು ಜನರೇ. ಎರಡೂ ಬೇಡಿಕೆಗಳು ನ್ಯಾಯದ ಭಾಷೆಯಲ್ಲೇ ಇವೆ. ಪಕ್ಷನಿಷ್ಠೆ ಇವುಗಳಲ್ಲಿ ಒಂದನ್ನು ಬೇಗನೆ ಮರೆಸುತ್ತದೆ. ವಿದ್ಯಾರ್ಥಿಯಾದವನು ಕಂಪನಿಯ ವಾರ್ಷಿಕ ವರದಿ, ಅರಣ್ಯ ಗುತ್ತಿಗೆಯ ಆದೇಶ, ಸದನದ ನಡಾವಳಿಗಳನ್ನು ನಿವೃತ್ತ ಕಾರ್ಮಿಕರ ಮಾತಿನ ಜೊತೆಗೂ ಕಾಡಂಚಿನ ರೈತರ ಮಾತಿನ ಜೊತೆಗೂ ಇಟ್ಟು ಓದಬೇಕು. ಎಲ್ಲಿ ದಾಖಲೆ ಮೌನವಾಗಿದೆ, ಎಲ್ಲಿ ನೆನಪು ತಪ್ಪಿದೆ ಎಂಬುದು ಆಗ ತಿಳಿಯುತ್ತದೆ. ಶಂಕರಘಟ್ಟದ ತರಗತಿಗಳಿಂದ ಕಾಗದನಗರಕ್ಕೆ ದೂರವೇನೂ ಹೆಚ್ಚಿಲ್ಲ.