ಗಣಕಯಂತ್ರಕ್ಕೆ ಕನ್ನಡದ ಸಂಸ್ಕಾರ

ಅಕ್ಕಿ ಗಿರಣಿಗಳಿಗೆ ಹೆಸರಾದ, 2011ರಲ್ಲಿ 78ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಆತಿಥ್ಯವಿತ್ತ ಗಂಗಾವತಿಯಲ್ಲಿ, ಲಗ್ನಪತ್ರಿಕೆ, ಕರಪತ್ರ, ಅಕ್ಕಿಚೀಲದ ಮೇಲಣ ಹೆಸರು ಮೊದಲಾದವನ್ನು ಅಚ್ಚಿಗೆ ಅಣಿಗೊಳಿಸುವ ಡಿ.ಟಿ.ಪಿ. ಅಂಗಡಿಯವರಿಗೂ, ಮಕ್ಕಳ ವ್ಯಾಸಂಗಕ್ಕೆಂದು ಗಣಕಯಂತ್ರವನ್ನು ಕೊಂಡು ತಂದ ಗೃಹಸ್ಥರಿಗೂ ಸಮಾನವಾಗಿ ಒದಗುವ ತೊಡಕೊಂದುಂಟು. ಹಳೆಯ ನುಡಿ ಫಾಂಟಿನಲ್ಲಿ ಬರೆದಿರಿಸಿದ ಫೈಲನ್ನು ಆ ಫಾಂಟಿಲ್ಲದ ಯಂತ್ರದಲ್ಲಿ ತೆರೆದೊಡನೆ, ‘ಕನ್ನಡ’ವೆಂದು ಬರೆದಿದ್ದ ಸ್ಥಳದಲ್ಲಿ ರೋಮನ್ ಲಿಪಿಯ ಪಿ, ನೆತ್ತಿಯ ಮೇಲೆ ಗೀರು ಹೊತ್ತ ಎ, ಅದರಾಚೆ ಪೌಂಡ್ ಹಣದ ಚಿಹ್ನೆ ಕಾಣಿಸಿಕೊಳ್ಳುತ್ತವೆ. ಅಂಥ ಫಾಂಟುಗಳು ರೋಮನ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿಯೇ ಕನ್ನಡದ ಆಕೃತಿಗಳನ್ನು ಇರಿಸಿದ್ದುದರಿಂದ, ಫೈಲಿನೊಳಗೆ ಉಳಿದದ್ದು ರೋಮನ್ ಸಂಕೇತ ಮಾತ್ರ.

ಆದಕಾರಣ, ತೆರೆಯ ಮೇಲೆ ಆನೆಗೊಂದಿಯ ಬೆಟ್ಟಗಳ ಚಿತ್ರವನ್ನು ಹರಡುವುದಕ್ಕೆ ಮೊದಲು ಯಂತ್ರವನ್ನು ಯೂನಿಕೋಡ್ ಕನ್ನಡಕ್ಕೆ ಸಜ್ಜುಗೊಳಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. 1991ರಲ್ಲಿ ಪ್ರಕಟವಾದ ಈ ವಿಶ್ವಸಂಕೇತದಲ್ಲಿ ಕನ್ನಡಕ್ಕೆಂದೇ 128 ಸ್ಥಾನಗಳು ಮೀಸಲಾಗಿವೆ. ವಿಂಡೋಸ್ ಸೆಟ್ಟಿಂಗ್ಸ್‌ನ ಭಾಷಾವಿಭಾಗದಲ್ಲಿ ಕನ್ನಡವನ್ನು ಸೇರಿಸಿಕೊಂಡರೆ, ಕಾಸು ಖರ್ಚಿಲ್ಲದೆ ಕೀಲಿಮಣೆ ಸಿದ್ಧವಾಗುತ್ತದೆ. ಬಳಿಕ ವಿಂಡೋಸ್ ಕೀಲಿಯನ್ನು ಒತ್ತಿಹಿಡಿದು ಸ್ಪೇಸ್ ಬಾರನ್ನು ತಟ್ಟಿದರಾಯಿತು, ಇಂಗ್ಲಿಷಿನಿಂದ ಕನ್ನಡಕ್ಕೆ ಬರಬಹುದು.

ಬೆರಳಿಗೆ ಸುಲಭವಾದ ವಿನ್ಯಾಸ ಬೇಕೆಂಬವರು ಕನ್ನಡ ಗಣಕ ಪರಿಷತ್ತಿನ ‘ನುಡಿ’ಯನ್ನೋ, ಶೇಷಾದ್ರಿವಾಸು ಅವರು 1998ರಲ್ಲಿ ಲೋಕಕ್ಕಿತ್ತ ‘ಬರಹ’ವನ್ನೋ ಹಾಕಿಕೊಳ್ಳಬಹುದು. ನುಡಿಯ ಕೀಲಿಮಣೆಗೆ ಮೂಲವಾದದ್ದು ಕೆ.ಪಿ. ರಾವ್ ಅವರ ವಿನ್ಯಾಸ; ವ್ಯಂಜನದಲ್ಲಿ ಅಕಾರವು ಸಹಜವಾಗಿಯೇ ಅಡಗಿರುತ್ತದೆಂಬ ನಮ್ಮ ಲಿಪಿಯ ಧರ್ಮವನ್ನು ಅದು ಎಷ್ಟು ಚೆನ್ನಾಗಿ ಅರಿತಿದೆಯೆಂದರೆ, ಜಿ, ದೊಡ್ಡ ಎಂ, ಜಿ, ದೊಡ್ಡ ಎ, ವಿ, ಟಿ, ಐ ಎಂಬ ಏಳೇ ಅಕ್ಷರಕೀಲಿಗಳಲ್ಲಿ ‘ಗಂಗಾವತಿ’ ಮೂಡಿ ನಿಲ್ಲುತ್ತದೆ. ಇದು ನಮ್ಮವರ ಪ್ರತಿಭೆಯ ಫಲವೆಂದು ಹೆಮ್ಮೆಪಡತಕ್ಕ ಸಂಗತಿ.

ಉಳಿದ ಸೌಕರ್ಯಗಳು ಚಿಕ್ಕವು, ಆದರೂ ನಿತ್ಯೋಪಯೋಗಿಗಳು. ವಿಂಡೋಸ್ ಕೀಲಿಯೊಡನೆ ಅಧಿಕಚಿಹ್ನೆಯನ್ನು ಒತ್ತಿದರೆ ತೆರೆಯ ಬರಹವೆಲ್ಲ ಹಿಗ್ಗುವುದರಿಂದ ಕಣ್ಣು ಮಂಜಾದ ಹಿರಿಯರೂ ನಿರಾಯಾಸವಾಗಿ ಓದಬಲ್ಲರು. ವಿಂಡೋಸ್‌ನೊಡನೆ ವಿ ಒತ್ತಿ, ಕೇಳಿದಾಗ ಒಪ್ಪಿಗೆಯಿತ್ತರೆ, ಅಂದಿನಿಂದ ಕಾಪಿ ಮಾಡಿದ ಹಲವು ತುಣುಕುಗಳು ಸಾಲಾಗಿ ದೊರೆಯುತ್ತವೆ. ಒಂದೇ ವಿಳಾಸವನ್ನು ಹತ್ತು ಪತ್ರಗಳಲ್ಲಿ ಬರೆಯುವವರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಫೈಲಿಗೆ ಕನ್ನಡದಲ್ಲಿಯೇ ಹೆಸರಿಟ್ಟು, ಮುಂದುಗಡೆ ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಅಂಕಿಗಳನ್ನು ಬರೆದರೆ ಕಾಲಾನುಕ್ರಮವು ತಾನಾಗಿ ಸಿದ್ಧಿಸುತ್ತದೆ.

ಇನ್ನು ಹಳೆಯ ಫೈಲುಗಳ ವಿಚಾರ. ಅವುಗಳನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ದೊರೆಯುತ್ತವೆ. ಮೂಲಪ್ರತಿಯನ್ನು ಬೇರೆ ಪೆನ್‌ಡ್ರೈವಿನಲ್ಲಿ ಜೋಪಾನವಾಗಿರಿಸಿ, ಪರಿವರ್ತಿತ ಪ್ರತಿಯನ್ನು ಅರ್ಕಾವೊತ್ತು, ಒತ್ತಕ್ಷರಗಳ ಮೇಲೆ ವಿಶೇಷವಾಗಿ ಕಣ್ಣಿಟ್ಟು ಆದ್ಯಂತವಾಗಿ ಓದಿದ ಮೇಲಷ್ಟೇ ಅಚ್ಚಿಗೆ ಕಳುಹಿಸತಕ್ಕದ್ದು.