ಥಂಡಿ ಮುಂಜಾನೆ, ಹೊಸ ಗಾಡಿ: ಒಂದು ತಾಸು ತಡವಾದರೆ ಏನಾದೀತು?

ಮಳೆಗಾಲದಲ್ಲಿ ಸ್ಕೂಟರ್ ಕಲಿತಿರಿ. ದಸರೆ ಹೊತ್ತಿಗೆ ಲೈಸೆನ್ಸೂ ಕೈಗೆ ಬಂತು. ತರಕಾರಿ ಮಾರ್ಕೆಟ್ಟು, ಮಗಳ ಟ್ಯೂಶನ್ನು, ಬ್ಯಾಂಕು ಅಂತ ಓಡಾಡಿ ಕೈಯೂ ಪಳಗಿದೆ. ಈಗ ಎಳ್ಳ ಅಮಾವಾಸ್ಯೆ ಬಂತು, ತವರಿನ ಹೊಲಕ್ಕೆ ಚರಗಕ್ಕೆ ಹೋಗಬೇಕು. "ಬಸ್ಸಿಗೆ ಯಾಕ ಕಾಯ್ತಿ, ನಿಂದ ಗಾಡಿ ಐತಲ್ಲ, ನಸುಕಿನ್ಯಾಗ ಹೊಂಟುಬಿಡು" ಎಂದು ಮನೆಯವರು ಅಂದಾಗ ನಿಮಗೂ ಉಮೇದು ಬರುತ್ತದೆ. ಬರಲಿ, ಒಳ್ಳೆಯದೇ! ಆದರೆ ಬೇಸಿಗೆ-ಮಳೆಗಾಲದಲ್ಲಿ ಗಾಡಿ ಕಲಿತ ಕೈಗೆ ಥಂಡಿ ಎನ್ನುವುದು ಹೊಸ ಪಾಠ. ಅದನ್ನು ಡ್ರೈವಿಂಗ್ ಸ್ಕೂಲಿನಲ್ಲಿ ಯಾರೂ ಹೇಳಿಕೊಡುವುದಿಲ್ಲ.

ವಿಜಯಪುರ-ಸೊಲ್ಲಾಪುರ ಹೆದ್ದಾರಿಯ ಮೇಲೆ ಇಂಡಿ, ಚಡಚಣದ ಕಡೆ ಹೊರಳುವಲ್ಲಿ ಝಳಕಿ ಸಿಗುತ್ತದೆ. ಹೆಸರಿನಲ್ಲೇ 'ಝಳ' ಇರುವ ಊರು. ಇಲ್ಲಿ ಎಂಥ ಚಳಿ ಅಂತ ಬೆಂಗಳೂರಿನ ಗೆಳತಿಯರು ನಗುತ್ತಾರೆ. ಮೇ ತಿಂಗಳ ಬಿಸಿಲಷ್ಟೇ ಕೇಳಿದವರಿಗೆ ಹಾಗನ್ನಿಸುವುದು ಸಹಜ. ಆದರೆ ಬಯಲು ಸೀಮೆಯ ಈ ಭಾಗದಲ್ಲಿ ಡಿಸೆಂಬರ್-ಜನವರಿಯ ನಸುಕಿನಲ್ಲಿ ಉಷ್ಣಾಂಶ 10 ಡಿಗ್ರಿಗಿಂತ ಕೆಳಗೆ ಇಳಿಯುವುದು ಹೊಸದೇನಲ್ಲ. ಗಾಳಿ ಒಣ, ಆಕಾಶದಲ್ಲಿ ಮೋಡವಿಲ್ಲ. ಹಗಲೆಲ್ಲ ಕಾದ ಕರಿ ಮಣ್ಣು ರಾತ್ರಿ ತನ್ನ ಬಿಸಿಯನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಡುತ್ತದೆ. ಅದಕ್ಕೇ ಮಧ್ಯಾಹ್ನ 30 ಡಿಗ್ರಿ ಇದ್ದ ಊರು ಮರುದಿನ ಬೆಳಗ್ಗೆ ಹಲ್ಲು ಕಟಕಟಿಸುತ್ತದೆ.

ಮೇಲೆ ಗಾಡಿಯ ವೇಗ ಬೇರೆ. ನಿಂತಲ್ಲಿ 10 ಡಿಗ್ರಿ ಇರುವ ಗಾಳಿ, ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗುವಾಗ ತೆರೆದ ಮೈಗೆ ಸುಮಾರು 6 ಡಿಗ್ರಿಯಂತೆ ಹತ್ತುತ್ತದೆ. ಆಗ ದೇಹ ಜಾಣತನ ಮಾಡುತ್ತದೆ. ಎದೆ, ಹೊಟ್ಟೆಯನ್ನು ಬೆಚ್ಚಗಿಡಲು ಬೆರಳುಗಳಿಗೆ ಹೋಗುವ ರಕ್ತ ಕಡಿಮೆ ಮಾಡುತ್ತದೆ. ಬೆರಳು ಸೆಟೆಯುತ್ತವೆ. ಬ್ರೇಕ್ ಹಿಡಿಯುವುದು ಆ ಬೆರಳುಗಳೇ ಅಲ್ಲವೇ? 40ರ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಮುಂದೆ ಹೋಗುತ್ತದೆ. ಮರಗಟ್ಟಿದ ಕೈ ಅರ್ಧ ಸೆಕೆಂಡ್ ತಡ ಮಾಡಿತು ಅಂದರೂ ಐದೂವರೆ ಮೀಟರ್ ಹೋಯಿತು. ನಿಮ್ಮ ಅಡುಗೆಮನೆಯ ಉದ್ದಕ್ಕಿಂತ ಹೆಚ್ಚು!

ಹಾಗಾಗಿ ಸ್ವೆಟರಿಗಿಂತ ಮೊದಲು ಕೈಗವಸು ಕೊಳ್ಳಿ. ಉಣ್ಣೆಯದು ಬೇಡ, ಅದರೊಳಗೆ ಗಾಳಿ ನುಗ್ಗುತ್ತದೆ, ಬ್ರೇಕಿನ ಮೇಲೆ ಜಾರುತ್ತದೆ ಕೂಡ. ಚರ್ಮದ್ದು ಅಥವಾ ಬೈಕ್ ಸವಾರರಿಗೆಂದೇ ಮಾಡಿದ್ದು ಇರಲಿ. ಹಾಕಿಕೊಂಡು ಅಂಗಡಿಯಲ್ಲೇ ಮುಷ್ಟಿ ಬಿಗಿದು ನೋಡಿ, ಬೆರಳು ಸಲೀಸಾಗಿ ಮಡಚಬೇಕು. ಮೈಗೆ ಒಂದೇ ದಪ್ಪ ಸ್ವೆಟರಿಗಿಂತ ತೆಳು ಬಟ್ಟೆಯ ಎರಡು ಪದರ, ಅದರ ಮೇಲೆ ಗಾಳಿ ತಡೆಯುವ ಜಾಕೆಟ್ಟು ಒಳ್ಳೆಯದು. ಜಾಕೆಟ್ ಇಲ್ಲವೇ? ಹಳೆಯ ಕಾಲದ ಸವಾರರು ಮಾಡುತ್ತಿದ್ದುದನ್ನೇ ಮಾಡಿ. ನೀವು ಓದಿ ಮುಗಿಸಿದ ಈ ಪೇಪರನ್ನೇ ನಾಲ್ಕು ಮಡಿಕೆ ಮಾಡಿ ಎದೆಯ ಮೇಲೆ, ಸ್ವೆಟರಿನ ಒಳಗೆ ಇಟ್ಟುಕೊಳ್ಳಿ. ಗಾಳಿ ತಡೆಯಲು ಅದು ಸಾಕು. (ರೆಸಿಪಿ ಕತ್ತರಿಸಿಟ್ಟುಕೊಂಡ ಮೇಲೆ ಮತ್ತೆ!)

ಕಿವಿಗೆ ಥಂಡಿ ಅಂತ ದಪ್ಪ ಶಾಲು ಸುತ್ತಿ ಅದರ ಮೇಲೆ ಹೆಲ್ಮೆಟ್ ಕೂರಿಸುವ ರೂಢಿ ನಮ್ಮಲ್ಲಿ ಬಹಳ. ಹಾಗೆ ಕೂತ ಹೆಲ್ಮೆಟ್ ಬಿದ್ದಾಗ ಕಳಚಿ ಹೋಗುತ್ತದೆ. ತೆಳುವಾದ ಹತ್ತಿ ಸ್ಕಾರ್ಫ್ ಸಾಕು, ಪಟ್ಟಿ ಗಲ್ಲದ ಕೆಳಗೆ ಬಿಗಿಯಾಗಬೇಕು. ಇನ್ನು ಸೀರೆ ಸೆರಗು, ಓಢಣಿ, ಶಾಲಿನ ಅಂಚು. ಇವೆಲ್ಲ ಗಾಳಿಗೆ ಬಿಚ್ಚಿ ಹಿಂದಿನ ಚಕ್ರದ ಕಡೆಗೇ ಹೋಗುವುದು. ಬಟ್ಟೆ ಚಕ್ರಕ್ಕೆ ಸಿಗದಂತೆ ಮರೆ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಹೇಳಿದೆ. ಚೆಂದ ಕಾಣುವುದಿಲ್ಲ ಅಂತ ಮಕ್ಕಳು ಬೈಕಿನ ಸೀರೆ ಗಾರ್ಡ್ ಬಿಚ್ಚಿಸಿದ್ದರೆ ಇವತ್ತೇ ಹಾಕಿಸಿ. ಆದರೂ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಪಿನ್ ಹಾಕಿ, ಮೇಲೆ ಜಾಕೆಟ್ ಹಾಕಿಕೊಳ್ಳುವುದೇ ಸರಿ.

ಇನ್ನು ಗಾಡಿಯ ಮಾತು. ಥಂಡಿಗೆ ಬ್ಯಾಟರಿ ಸೋಮಾರಿಯಾಗುತ್ತದೆ. ಸೆಲ್ಫ್ ಬಟನ್ ಒತ್ತಿ ಹಿಡಿದುಕೊಂಡೇ ನಿಲ್ಲಬೇಡಿ. ಎರಡು ಮೂರು ಸಲ ಸ್ವಲ್ಪ ಸ್ವಲ್ಪ ಒತ್ತಿ, ಆಗದಿದ್ದರೆ ಕಿಕ್ ಹೊಡೆಯಿರಿ. ಹಳೆಯ ಗಾಡಿಗೆ ಚೋಕ್ ಇರುತ್ತದೆ, ಎಳೆದದ್ದನ್ನು ಎಂಜಿನ್ ಬಿಸಿಯಾದ ಮೇಲೆ ವಾಪಸ್ ಒತ್ತಲು ಮರೆಯಬಾರದು. 2020ರ ಏಪ್ರಿಲ್ ನಂತರ ಬಂದ ಬಿಎಸ್-6 ಗಾಡಿಗಳಲ್ಲಿ ಈ ತಾಪತ್ರಯ ಹೆಚ್ಚಿನವಕ್ಕೆ ಇಲ್ಲ. ಅರ್ಧ ನಿಮಿಷ ಓಡಿಸಿ, ನಿಧಾನಕ್ಕೆ ಹೊರಡಿ. ಬಾಗಿಲು ಹಾಕಿದ ಪಡಸಾಲೆಯಲ್ಲಿ ಮಾತ್ರ ಗಾಡಿ ಚಾಲೂ ಮಾಡಿ ಬಿಡಬೇಡಿ, ಆ ಹೊಗೆಯಲ್ಲಿ ವಾಸನೆಯೇ ಇಲ್ಲದ ವಿಷಾನಿಲ ಇರುತ್ತದೆ. ಮಕ್ಕಳು ಮಲಗಿರುವ ಮನೆ ಅದು. ಟೈರಿನ ಹವಾ ಕೂಡ ಚಳಿಗೆ ಕುಗ್ಗುತ್ತದೆ. ಸುಮಾರು 5-6 ಡಿಗ್ರಿ ಇಳಿದರೆ ಒಂದು ಪಾಯಿಂಟ್ ಕಡಿಮೆ ಅನ್ನಿ. ಮಧ್ಯಾಹ್ನ ಬಿಸಿ ಟೈರಿಗೆ ತುಂಬಿಸಿದ ಹವಾ ನಸುಕಿಗೆ ಮೂರು ನಾಲ್ಕು ಪಾಯಿಂಟ್ ಇಳಿದಿರುತ್ತದೆ. ಹೊರಡುವ ದಿನ, ಟೈರ್ ತಣ್ಣಗಿರುವಾಗಲೇ, ಹತ್ತಿರದ ಬಂಕಿನಲ್ಲಿ ನೋಡಿಸಿ.

ಹೆಲ್ಮೆಟ್ ಗಾಜಿಗೆ ಉಸಿರಿನ ಮಂಜು ಕಟ್ಟುವುದಕ್ಕೆ ಮನೆಮದ್ದು ಇದೆ. ಮೈಸೋಪನ್ನು ಒಣಗಿದ್ದಾಗಲೇ ಒಳಬದಿಗೆ ತೆಳ್ಳಗೆ ಸವರಿ, ಮೆತ್ತನೆ ಬಟ್ಟೆಯಿಂದ ಹೊಳೆಯುವವರೆಗೆ ಒರೆಸಿ. ಜೊತೆಗೆ ಗಾಜನ್ನು ಒಂದು ಬೆರಳಿನಷ್ಟು ಎತ್ತಿಡಿ.

ಈಗ ರಸ್ತೆಗೆ ಬರೋಣ, ನನ್ನ ಮುಖ್ಯ ತಕರಾರು ಇರುವುದು ಅಲ್ಲೇ. ಇಂಡಿ-ಚಡಚಣದ ಕಡೆ ಥಂಡಿ ಅಂದರೆ ಕಬ್ಬು ನುರಿಸುವ ಕಾಲ. ಸಕ್ಕರೆ ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರುಗಳು, ಹಿಂದೆ ಎರಡೆರಡು ಟ್ರೇಲರು, ಅವಕ್ಕೆ ಎಷ್ಟೋ ಸಲ ಹಿಂದಿನ ದೀಪವೇ ಇಲ್ಲ, ಅಗಲಕ್ಕೆ ಚಾಚಿದ ಕಬ್ಬು. ಇದರ ಮೇಲೆ ಭೀಮಾ ನದಿಯ ಕಡೆ, ನೀರು ಹಾಯಿಸಿದ ಹೊಲಗಳ ಬಳಿ ಮಂಜು ಹಿಡಿದಿದ್ದರೆ ಹತ್ತು ಮಾರು ದೂರಕ್ಕೆ ಬಂದ ಮೇಲೇ ಅದು ಕಾಣುವುದು. ಹೆಡ್‌ಲೈಟ್ ಡಿಮ್ಮಿನಲ್ಲಿರಲಿ. ಅಪ್ಪರ್ ಹಾಕಿದರೆ ಮಂಜೇ ಬೆಳಕನ್ನು ನಿಮ್ಮ ಕಣ್ಣಿಗೆ ವಾಪಸ್ ಎಸೆಯುತ್ತದೆ. ರಸ್ತೆಯ ಮೇಲೆ ಬಿದ್ದ ಕಬ್ಬಿನ ತುಂಡು ಗಾಲಿಗೆ ಸಿಕ್ಕರೆ ಉರುಳುತ್ತದೆ. ತೊಗರಿ ರಾಶಿಯನ್ನು ಡಾಂಬರಿನ ಮೇಲೇ ಹಾಕುವವರೂ ಉಂಟು, ಇಬ್ಬನಿಯಲ್ಲಿ ತೊಯ್ದ ಹೊಟ್ಟಿನ ಮೇಲೆ ಬ್ರೇಕ್ ಒತ್ತಿದಿರೋ, ಗಾಡಿ ಒಂದು ಕಡೆ, ನೀವೊಂದು ಕಡೆ. ಅಂಥಲ್ಲಿ ಮೊದಲೇ ವೇಗ ಇಳಿಸಿ, ಹ್ಯಾಂಡಲ್ ನೇರವಾಗಿಟ್ಟು, ಬ್ರೇಕ್ ಮುಟ್ಟದೆ ದಾಟಬೇಕು.

ಝಳಕಿಯಿಂದ ಇಂಡಿ ಕಡೆ ಹೊರಳಿದರೆ ಮುಖ ಹೆಚ್ಚುಕಡಿಮೆ ಪೂರ್ವಕ್ಕೆ. ಆಗ ತಾನೇ ಎದ್ದ ಸೂರ್ಯ ನೇರ ಕಣ್ಣಿಗೇ ಹೊಡೆಯುತ್ತಾನೆ. ಎದುರಿನವರಿಗೆ ನೀವು ಕಾಣುತ್ತೀರಿ, ನಿಮಗೆ ಅವರು ಕಾಣುವುದಿಲ್ಲ. ಹೆದ್ದಾರಿಯಲ್ಲಿ ಇನ್ನೊಂದು. ನಾಲ್ಕು ಪಥದ ರಸ್ತೆ ಆದಮೇಲೆ ತಿರುವು ದೂರ ಅಂತ ಉಲ್ಟಾ ದಿಕ್ಕಿನಲ್ಲಿ ಬರುವ ಬೈಕುಗಳು ಬೆಳಗಿನ ಹೊತ್ತು ಬಹಳ. ಎಡಗಡೆ ಅಂಚು ಹಿಡಿದು ಹೋಗುವ ನಿಮಗೇ ಅವರು ಎದುರಾಗುವುದು. ಲಾರಿ ದಾಟುವಾಗ ಗಾಳಿ ಮೊದಲು ತಳ್ಳುತ್ತದೆ, ಆಮೇಲೆ ಎಳೆಯುತ್ತದೆ. ಹ್ಯಾಂಡಲ್ ಗಟ್ಟಿ ಹಿಡಿಯಿರಿ, ಗಾಬರಿಯಾಗಿ ಎಕ್ಸಲೇಟರ್ ಬಿಡಬೇಡಿ.

ಇದೆಲ್ಲ ಕೇಳಿ ಹೆದರಿದಿರಾ? ಹೆದರಿಸಲು ಹೇಳಲಿಲ್ಲ. ಇಷ್ಟೂ ತೊಂದರೆಗೆ ಒಂದೇ ಮದ್ದು ಇದೆ, ಅದು ಖರ್ಚಿಲ್ಲದ್ದು. ಐದೂವರೆಗೆ ಅಲ್ಲ, ಎಂಟೂವರೆಗೆ ಹೊರಡಿ. ಡಿಸೆಂಬರ್ ಕೊನೆಗೆ ನಮ್ಮ ಕಡೆ ಸೂರ್ಯ ಹುಟ್ಟುವುದೇ ಏಳರ ಸುಮಾರಿಗೆ. ಎಂಟೂವರೆಗೆ ಮಂಜು ಕರಗಿರುತ್ತದೆ, ಇಬ್ಬನಿ ಆರಿರುತ್ತದೆ, ಬಿಸಿಲು ಕಣ್ಣಿನ ಮೇಲಕ್ಕೆ ಏರಿರುತ್ತದೆ. ಚರಗ ಚೆಲ್ಲುವುದು ಮಧ್ಯಾಹ್ನದ ಹೊತ್ತಿಗೆ, ಊಟ ಅದರ ಮೇಲೆ. ಹಾಗಿದ್ದರೆ ಅವಸರ ಯಾರಿಗೆ? ಕಷ್ಟ ಇರುವುದು ಇದನ್ನು ಮನೆಯಲ್ಲಿ ಹೇಳುವುದರಲ್ಲಿ. "ಗಾಡಿ ಕಲಿತಾಳ, ಆದರ ಥಂಡಿಗೆ ಹೆದರ್ತಾಳ" ಅನ್ನುವ ಒಂದು ಮಾತು ಬಂದೇ ಬರುತ್ತದೆ. ಅದಕ್ಕೆ ವಾದ ಮಾಡಬೇಡಿ. "ಅತ್ತಿ, ಕೈ ಸೆಟದರ ಬ್ರೇಕ್ ಹಿಡಿಯಾಕ ಬರಂಗಿಲ್ಲ, ಬಿಸಿಲು ಬಿದ್ದ ಮ್ಯಾಲೆ ಹೊಂಡತೀನಿ" ಅಂತ ಹಿಂದಿನ ರಾತ್ರಿಯೇ ತಣ್ಣಗೆ ಹೇಳಿಬಿಡಿ. ಹಿಡಿಕೆ ನಿಮ್ಮ ಕೈಯಲ್ಲಿದೆ, ಹೊರಡುವ ಹೊತ್ತೂ ನಿಮ್ಮ ಕೈಯಲ್ಲಿರಲಿ.

ಬುತ್ತಿಯ ಚೀಲವನ್ನು ಹ್ಯಾಂಡಲ್ಲಿಗೆ ತೂಗುಹಾಕಬೇಡಿ. ಸಜ್ಜಿ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಮೊಸರಿನ ಡಬ್ಬಿ ಸೇರಿದರೆ ಹ್ಯಾಂಡಲ್ ಒಂದೇ ಕಡೆ ಎಳೆಯುತ್ತದೆ. ಸೀಟಿನ ಕೆಳಗೆ ಹಿಡಿಸುವಷ್ಟು ಇಡಿ, ಉಳಿದದ್ದು ಅತ್ತೆಯವರ ಜೊತೆ ಬಸ್ಸಿನಲ್ಲಿ ಬರಲಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟೂ ಇಲ್ಲ! ನಾಲ್ಕು ವರ್ಷದೊಳಗಿನ ಮಗುವನ್ನು ಕೂರಿಸಿಕೊಳ್ಳುವುದಾದರೆ ಮಗುವಿಗೂ ಹೆಲ್ಮೆಟ್, ನಿಮ್ಮ ಮೈಗೆ ಕಟ್ಟುವ ಸುರಕ್ಷಾ ಪಟ್ಟಿ, 40ಕ್ಕಿಂತ ಕಡಿಮೆ ವೇಗ. 2023ರ ಫೆಬ್ರುವರಿಯಿಂದ ಇದು ನಿಯಮ. ನನ್ನನ್ನು ಕೇಳಿದರೆ ಮೊದಲ ಥಂಡಿ ಸವಾರಿಗೆ ಹಿಂದೆ ಯಾರೂ ಬೇಡ.

ಹೋಗುವ ಮೂರು ದಿನ ಮೊದಲು, ಅದೇ ಜಾಕೆಟ್, ಅದೇ ಕೈಗವಸು ಹಾಕಿಕೊಂಡು ಬೆಳಗ್ಗೆ ಏಳೂವರೆಗೆ ನಿಮ್ಮ ಬಡಾವಣೆಯಲ್ಲೇ ಎರಡು ಸುತ್ತು ಹಾಕಿ. ಎಲ್ಲಿ ಗಾಳಿ ನುಗ್ಗುತ್ತದೆ, ಯಾವ ಬೆರಳು ಮೊದಲು ಮರಗಟ್ಟುತ್ತದೆ ಅನ್ನುವುದು ಆಗಲೇ ಗೊತ್ತಾಗಲಿ. ದಾರಿಯಲ್ಲಿ ಬೆರಳು ಜುಮುಗುಟ್ಟಿದರೆ ಝಳಕಿ ಕ್ರಾಸಿನಲ್ಲಿ ನಿಲ್ಲಿಸಿ. ಸೈಲೆನ್ಸರಿಗೆ ಕೈ ಕಾಯಿಸಲು ಹೋಗಬೇಡಿ, ಮರಗಟ್ಟಿದ ಚರ್ಮಕ್ಕೆ ಸುಟ್ಟದ್ದು ತಿಳಿಯುವುದಿಲ್ಲ. ಕಂಕುಳಲ್ಲಿ ಕೈ ಅವುಚಿ ನಿಂತು, ಒಂದು ಬಿಸಿ ಚಹಾ ಕುಡಿಯಿರಿ.

ವಾಪಸ್ ಬರುವಾಗ ಸೂರ್ಯ ಮತ್ತೆ ಎದುರಿಗೇ, ಈ ಸಲ ಪಶ್ಚಿಮದಲ್ಲಿ. ಹೊಟ್ಟೆ ತುಂಬ ಉಂಡು ಗಿಡದ ನೆರಳಲ್ಲಿ ಕೂತರೆ ಏಳಲು ಮನಸ್ಸಾಗುವುದಿಲ್ಲ, ನಿಜ. ಆದರೂ ನಾಲ್ಕಕ್ಕೆ ಎದ್ದುಬಿಡಿ, ಕತ್ತಲಾಗುವ ಮೊದಲು ಗಾಡಿ ಮನೆಯ ಮುಂದೆ ಇರುತ್ತದೆ. ಅವ್ವ ಕಟ್ಟಿಕೊಡುವ ಹಸಿ ಕಡಲೆ ಗಿಡದ ಸಿವುಡು ಸೀಟಿನ ಕೆಳಗೆ ಹಿಡಿಯುವುದಿಲ್ಲ, ಅದಕ್ಕೊಂದು ಹಗ್ಗ ಒಯ್ಯಿರಿ.