ಎರಡು ಸರ್ವರ್, ಎರಡು ಲೆಕ್ಕ



ರಾಜ್ಯೋತ್ಸವದ ಕ್ವಿಜ್‌ಗೆ ಅಂತ ನಮ್ಮ ಕನ್ನಡ ಸಂಘದಿಂದ ಒಂದು ವೆಬ್‌ಸೈಟ್ ಮಾಡಿದ್ವಿ, ನೆನಪಿದೆಯಾ? ಅದರ ಮೂಲೆಯಲ್ಲಿ "ಇಲ್ಲಿಯವರೆಗಿನ ಭೇಟಿಗಳು" ಅಂತ ಒಂದು ಸಂಖ್ಯೆ ಓಡ್ತಿತ್ತು. ಒಮ್ಮೆ ನೋಡಿದ್ರೆ 412, ರಿಫ್ರೆಶ್ ಮಾಡಿದ್ರೆ 389, ಇನ್ನೊಮ್ಮೆ ಮಾಡಿದ್ರೆ 413. "ಏನ್ರೋ, ಬಂದವರೆಲ್ಲ ವಾಪಸ್ ಹೋಗ್ತಿದ್ದಾರಾ?" ಅಂತ ಸೀನಿಯರ್ ಒಬ್ಬರು ಕೇಳಿದ್ರು. ನಾವು ಎರಡನ್ನೂ ಕೂಡಿಸಿ "ಎಂಟುನೂರು ಜನ ಅಣ್ಣ" ಅಂದುಬಿಟ್ವಿ. ಅದನ್ನ ನಂಬಿ ದೊಡ್ಡ ಸಭಾಂಗಣ ಬುಕ್ ಆಯ್ತು. ಬಂದವರು ನೂರೈವತ್ತು. ಖಾಲಿ ಕುರ್ಚಿಗಳ ಮುಂದೆ ಅತಿಥಿಗಳು ಮಾತಾಡಿದ್ದು ನೆನಪಾದ್ರೆ ಈಗಲೂ ಮುಜುಗರ ಆಗುತ್ತೆ. ಎಲ್ಲಿ ತಪ್ಪಿದ್ವಿ ಅಂತ ಆಮೇಲೆ ಕೂತು ಕಲಿತದ್ದನ್ನ ಇಲ್ಲಿ ಹಂಚಿಕೊಳ್ತಿದ್ದೀವಿ.

ಸಂಖ್ಯೆ ಕುಣಿದದ್ದು ಯಾಕೆ?

ನಮ್ಮ ಸೈಟ್ ಎರಡು ಸರ್ವರ್‌ಗಳ ಮೇಲೆ ಓಡ್ತಿತ್ತು. ಬಂದವರನ್ನ ಲೋಡ್ ಬ್ಯಾಲೆನ್ಸರ್ ಒಮ್ಮೆ ಇಲ್ಲಿಗೆ, ಒಮ್ಮೆ ಅಲ್ಲಿಗೆ ಕಳಿಸ್ತಿತ್ತು. ಪ್ರತಿ ಸರ್ವರ್ ತನ್ನ ಹತ್ತಿರ ಬಂದವರನ್ನ ಮಾತ್ರ ಎಣಿಸ್ತಿತ್ತು. ಸಭಾಂಗಣದ ಎರಡು ಗೇಟ್‌ಗಳಲ್ಲಿ ಇಬ್ಬರು ವಾಲಂಟಿಯರ್‌ಗಳು ಬೇರೆ ಬೇರೆ ನೋಟ್‌ಬುಕ್ ಹಿಡಿದು ನಿಂತ ಹಾಗೆ.

ಹಾಗಾದ್ರೆ ಇಬ್ಬರಿಗೂ ಒಂದೇ ನೋಟ್‌ಬುಕ್ ಕೊಡೋಣ ಅಂದ್ರೆ ಬೇರೆ ತೊಂದರೆ. ಇಬ್ಬರೂ ಒಂದೇ ಕ್ಷಣದಲ್ಲಿ 41 ಅಂತ ಓದಿ, ಒಂದು ಕೂಡಿಸಿ, 42 ಅಂತ ಬರೆದ್ರೆ ಒಂದು ಭೇಟಿ ಮಾಯ! ಓದೋದು, ಕೂಡಿಸೋದು, ಬರೆಯೋದು ಮೂರೂ ಒಂದೇ ಹೆಜ್ಜೆಯಲ್ಲಿ ಆಗಬೇಕು. ರೆಡಿಸ್‌ನಲ್ಲಿ ಇದಕ್ಕೆ ಐಎನ್‌ಸಿಆರ್ ಅನ್ನೋ ಕಮಾಂಡ್ ಇದೆ. ರೆಡಿಸ್ ಒಂದು ಸಲಕ್ಕೆ ಒಂದೇ ಕಮಾಂಡ್ ನಡೆಸೋದರಿಂದ ಮಧ್ಯೆ ಯಾರೂ ನುಗ್ಗೋಕೆ ಆಗಲ್ಲ.

ನಿಮಿಷಕ್ಕೊಂದು ಡಬ್ಬಿ

ಒಟ್ಟು ಎಷ್ಟು ಅನ್ನೋದಕ್ಕಿಂತ "ಈಗ ಎಷ್ಟು" ಅನ್ನೋದು ಹೆಚ್ಚು ಉಪಯೋಗ. ಅದಕ್ಕೆ ಪ್ರತಿ ನಿಮಿಷಕ್ಕೂ ಒಂದೊಂದು ಕೌಂಟರ್ ಇಡ್ತಾರೆ. ಯುನಿಕ್ಸ್ ಸಮಯ ಅಂದ್ರೆ 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳು. ಈಗ ಅದು 1700000047 ಅಂದುಕೊಳ್ಳಿ. 60ರಿಂದ ಭಾಗಿಸಿ, ಶೇಷ ಬಿಟ್ಟು, ಮತ್ತೆ 60ರಿಂದ ಗುಣಿಸಿದ್ರೆ 1700000040. ಇದೇ ಆ ನಿಮಿಷದ ಡಬ್ಬಿಯ ಹೆಸರು. ಆ ನಿಮಿಷದೊಳಗೆ ಬಂದ ಭೇಟಿಗಳೆಲ್ಲ ಅದೇ ಡಬ್ಬಿಗೆ. ಕಳೆದ ಐದು ನಿಮಿಷ ಬೇಕಾದ್ರೆ ಐದು ಡಬ್ಬಿ ಕೂಡಿಸಿ. ಹಳೇ ಡಬ್ಬಿಗಳಿಗೆ ಮೊದಲೇ ಆಯುಷ್ಯ ಬರೆದಿಟ್ರೆ ತಾವಾಗೇ ಅಳಿಸಿಹೋಗುತ್ತವೆ.

ಇಲ್ಲಿ ನಾವು ಹೆದರಿದ ಒಂದು ವಿಷಯ ಹೇಳಲೇಬೇಕು. ಗ್ರಾಫಿನ ಕೊನೆ ಯಾವಾಗಲೂ ಕೆಳಗೆ ಬಿದ್ದಿರುತ್ತಿತ್ತು. ಸೈಟ್ ಡೌನ್ ಆಯ್ತಾ ಅಂತ ಓಡಾಡಿದ್ವಿ. ಏನಿಲ್ಲ, ಈಗಿನ ನಿಮಿಷ ಇನ್ನೂ ಮುಗಿದಿರಲಿಲ್ಲ, ಅಷ್ಟೇ! ಗ್ರಾಫಿನಲ್ಲಿ ಮುಗಿದ ನಿಮಿಷಗಳನ್ನ ಮಾತ್ರ ತೋರಿಸಿದ್ರೆ ಸಾಕು.

ಸರ್ವರ್‌ಗಳು ಹೆಚ್ಚಾದಾಗ ಪ್ರತಿ ಭೇಟಿಗೂ ರೆಡಿಸ್‌ವರೆಗೆ ಹೋಗಿ ಬರೋದು ದುಬಾರಿ. ಅದಕ್ಕೆ ಪ್ರತಿ ಸರ್ವರ್ ತನ್ನಲ್ಲೇ ಎಣಿಸಿಕೊಂಡು, ಹತ್ತು ಸೆಕೆಂಡಿಗೊಮ್ಮೆ ಒಟ್ಟಿಗೆ ಕಳಿಸಬಹುದು. ಯಾರು ಮೊದಲು ಕಳಿಸಿದ್ರೂ ಮೊತ್ತ ಅದೇ. ಮಧ್ಯೆ ಸರ್ವರ್ ಕೆಟ್ಟರೆ ಆ ಹತ್ತು ಸೆಕೆಂಡಿನ ಲೆಕ್ಕ ಹೋಗುತ್ತೆ. ಭೇಟಿಗಳ ಲೆಕ್ಕಕ್ಕೆ ಅದು ಪರವಾಗಿಲ್ಲ. ಕ್ವಿಜ್ ಸೀಟುಗಳ ಲೆಕ್ಕಕ್ಕೆ ಮಾತ್ರ ಖಂಡಿತ ಬೇಡ.

ಗಡಿಯಾರದ ಕಿತಾಪತಿ

ಒಂದು ಸರ್ವರ್‌ನ ಗಡಿಯಾರ 40 ಸೆಕೆಂಡ್ ಹಿಂದಿದ್ರೆ ಅದರ ಭೇಟಿಗಳು ಪಕ್ಕದ ಡಬ್ಬಿಗೆ ಬೀಳುತ್ತವೆ. ಎನ್‌ಟಿಪಿ ಬಳಸಿ ಎಲ್ಲ ಗಡಿಯಾರಗಳನ್ನ ಸರಿಹೊಂದಿಸಬೇಕು. ನಮ್ಮ ದೇಶಕ್ಕೆ ಇನ್ನೊಂದು ತಲೆನೋವಿದೆ. ನಮ್ಮ ಸಮಯ ಯುಟಿಸಿಗಿಂತ 5 ಗಂಟೆ 30 ನಿಮಿಷ ಮುಂದೆ. ನಮ್ಮ ರಾತ್ರಿ 12 ಅಂದ್ರೆ ಅಲ್ಲಿ ಸಂಜೆ 6:30. ಯುಟಿಸಿ ಪ್ರಕಾರ ಗಂಟೆಗೊಂದು ಡಬ್ಬಿ ಇಟ್ರೆ, ನಮ್ಮ ಮಧ್ಯರಾತ್ರಿ ಒಂದು ಡಬ್ಬಿಯ ನಟ್ಟನಡುವೆ ಬೀಳುತ್ತೆ. ಆಗ ನವೆಂಬರ್ 1ರ ಲೆಕ್ಕವನ್ನ ಅಕ್ಟೋಬರ್ 31ರಿಂದ ಬೇರೆ ಮಾಡೋಕೆ ಆಗೋದೇ ಇಲ್ಲ. ಅರ್ಧ ಗಂಟೆಯ ಡಬ್ಬಿ ಇಟ್ರೆ ಸರಿಹೋಗುತ್ತೆ.

ಭೇಟಿಯೋ, ಜನವೋ?

ಈಗ ನಮ್ಮ ಅಸಲಿ ತಪ್ಪಿಗೆ ಬರೋಣ. ಎರಡು ಸರ್ವರ್‌ನ ಲೆಕ್ಕ ಕೂಡಿಸಿದ್ದು ತಪ್ಪಲ್ಲ. ಆದರೆ ಕೂಡಿಸಿದಾಗ ಸಿಕ್ಕಿದ್ದು ಭೇಟಿಗಳ ಸಂಖ್ಯೆ, ಜನರದ್ದಲ್ಲ. ಹಾಸ್ಟೆಲ್‌ನಲ್ಲಿ ಕೂತು ಹತ್ತು ಸಲ ರಿಫ್ರೆಶ್ ಮಾಡಿದವರು ಹತ್ತು ಜನ ಆಗಿದ್ರು. ಅವರಲ್ಲಿ ನಾವೇ ಹೆಚ್ಚು!

ಜನರನ್ನ ಎಣಿಸೋಕೆ ಯಾರ್ಯಾರು ಬಂದ್ರು ಅಂತ ನೆನಪಿಡಬೇಕು. ಲಕ್ಷಾಂತರ ಜನ ಬಂದ್ರೆ ಆ ಪಟ್ಟಿ ತುಂಬಾ ಜಾಗ ತಿನ್ನುತ್ತೆ. ಅದಕ್ಕೆ 2007ರಲ್ಲಿ ಫಿಲಿಪ್ ಫ್ಲಾಜೊಲೆ ಮತ್ತು ಜೊತೆಗಾರರು ಹೈಪರ್‌ಲಾಗ್‌ಲಾಗ್ ಅನ್ನೋ ವಿಧಾನ ಕೊಟ್ರು. ನಾಣ್ಯ ಚಿಮ್ಮಿ ಸತತ ಹತ್ತು ಸಲ ಹೆಡ್ ಬಿತ್ತು ಅಂತ ಯಾರಾದ್ರೂ ಹೇಳಿದ್ರೆ, ಸುಮಾರು ಸಾವಿರ ಸಲ ಪ್ರಯತ್ನ ಮಾಡಿರಬೇಕು ಅಂತ ಊಹಿಸ್ತೀವಲ್ಲ? ಅದೇ ಯೋಚನೆ. ಪ್ರತಿಯೊಬ್ಬರ ಗುರುತನ್ನ ಹ್ಯಾಶ್ ಮಾಡಿ, ಸಾಲಾಗಿ ಎಷ್ಟು ಸೊನ್ನೆ ಬಂದವು ಅಂತ ನೋಡಿ, ಅತಿ ಉದ್ದದ ಸಾಲನ್ನ ಮಾತ್ರ ನೆನಪಿಡುತ್ತೆ. ಒಬ್ಬರೇ ಎಷ್ಟು ಸಲ ಬಂದ್ರೂ ಹ್ಯಾಶ್ ಅದೇ, ಹಾಗಾಗಿ ಲೆಕ್ಕ ಬದಲಾಗಲ್ಲ. ಎರಡು ಸರ್ವರ್‌ಗಳನ್ನ ಸೇರಿಸುವಾಗ ಕೂಡಿಸೋದಿಲ್ಲ, ಎರಡರಲ್ಲಿ ದೊಡ್ಡದನ್ನ ಇಟ್ಟುಕೊಳ್ಳುತ್ತೆ. ರೆಡಿಸ್‌ನಲ್ಲಿ ಇದಕ್ಕೆ ಹೆಚ್ಚೆಂದರೆ 12 ಕಿಲೋಬೈಟ್ ಸಾಕು, ತಪ್ಪು ಸಾಮಾನ್ಯವಾಗಿ ಶೇ. 0.81ರ ಆಸುಪಾಸು.

ಮುಂದಿನ ಕಾರ್ಯಕ್ರಮದ ಪುಟದಲ್ಲಿ ಮೂರು ಸಂಖ್ಯೆ ಬೇರೆ ಬೇರೆ ಇಡ್ತೀವಿ: ಭೇಟಿಗಳು, ಜನ, ಹೆಸರು ನೋಂದಾಯಿಸಿದವರು. ಸಭಾಂಗಣ ಬುಕ್ ಮಾಡೋದು ಮೂರನೆಯದನ್ನ ನೋಡಿ ಮಾತ್ರ. ಅಲ್ಲಿಯವರೆಗೆ ದಯವಿಟ್ಟು ಸುಮ್ಮನೆ ರಿಫ್ರೆಶ್ ಒತ್ತಬೇಡಿ!